ಗೋವಿಂದಯ್ಯನ ಬೋಲ್ಟು

ತಿ. ನರಸೀಪುರದ ಸುತ್ತಮುತ್ತ ಟ್ರ್ಯಾಕ್ಟರ್ ಇಟ್ಟವರು ಸಂಜೆಯಾದರೆ ಎರಡು ಕೆಲಸ ತಪ್ಪಿಸುವುದಿಲ್ಲ. ಹಸು ಕಟ್ಟುತ್ತಾರೆ, ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದಿಡುತ್ತಾರೆ. ಕಳ್ಳ ಹಸುವನ್ನಾದರೂ ಬಿಟ್ಟಾನು, ಬ್ಯಾಟರಿಯನ್ನು ಬಿಡಲಾರ. ಈ ರೂಢಿಗೆ ತಕ್ಕಂತೆ ಆಟೋ ಎಲೆಕ್ಟ್ರಿಷಿಯನ್ ಗೋವಿಂದಯ್ಯನೂ ಒಂದು ರೂಢಿ ಮಾಡಿಕೊಂಡಿದ್ದ. ಗಾಡಿಗೆ ಏನೇ ಹೊಸದು ಹಾಕಲಿ, ಕಪ್ಪು ವೈರನ್ನು, ಅಂದರೆ ಅರ್ತಿಂಗನ್ನು, ಬ್ಯಾಟರಿಗೆ ಕೊಡುತ್ತಿರಲಿಲ್ಲ. ಗಾಡಿಯ ಚಾಸಿಗೆ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಒಂದು ಬೋಲ್ಟ್ ಹಾಕಿ ಅಲ್ಲಿಗೆ ಬಿಗಿಯುತ್ತಿದ್ದ. ದಿನಾ ಬ್ಯಾಟರಿ ಬಿಚ್ಚುವವನಿಗೆ ವೈರು ಕಡಿಮೆಯಿದ್ದಷ್ಟೂ ಸುಖ. ನಲವತ್ತು ವರ್ಷ ಹೀಗೇ ನಡೆಯಿತು. ಗೋವಿಂದಯ್ಯನ ಬೋಲ್ಟ್ ಸಡಿಲವಾಯಿತು ಅಂತ ಯಾರೂ ವಾಪಸ್ಸು ಬಂದದ್ದಿಲ್ಲ.

ಅವನ ಮಗಳು ಸಂಘಮಿತ್ರಾ ಐಟಿಐ ಮುಗಿಸಿ ಅಂಗಡಿಗೆ ಬಂದು ಐದು ವರ್ಷ. ಎರಡು ವರ್ಷದ ಹಿಂದೆ ಅಪ್ಪನ ಕಣ್ಣಿಗೆ ಪೊರೆ ಬಂದಮೇಲಂತೂ ಮುಕ್ಕಾಲು ಕೆಲಸ ಅವಳದೇ. ಆದರೂ ಬಂದವರೆಲ್ಲ ಅವಳ ತಲೆಯ ಮೇಲಿಂದ ಒಳಗೆ ಇಣುಕಿ, "ಯಜಮಾನ್ರು ಇಲ್ವಾ?" ಅನ್ನುವವರೇ. ಬರುವ ತಿಂಗಳಿಂದ ಅಂಗಡಿ ಪೂರ್ತಿ ಮಗಳದು ಎಂದು ಗೋವಿಂದಯ್ಯ ತೀರ್ಮಾನಿಸಿದ್ದ. ಅವನು ತೀರ್ಮಾನಿಸಿದರೆ ಆಯಿತೇ, ಊರು ಒಪ್ಪಬೇಕಲ್ಲ.

ಅಂಥ ಹೊತ್ತಿನಲ್ಲಿ ಸೋಸಲೆಯ ಸೋಮಶೇಖರ್ ತನ್ನ ಜೀಪಿಗೆ ವಿಂಚ್ ಹಾಕಿಸಲು ಬಂದ. ವಿಂಚ್ ಅಂದರೆ ಬಂಪರಿನಲ್ಲಿ ಕೂರುವ ಕರೆಂಟಿನ ರಾಟೆ. ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತ, ಹೂತುಹೋದ ಗಾಡಿಯನ್ನು ಎಳೆದು ಹಾಕುತ್ತದೆ. ಸೋಮಶೇಖರನಿಗೆ ಜಮೀನಿತ್ತು, ಗೊಬ್ಬರದ ಅಂಗಡಿಯಿತ್ತು, ಭಾನುವಾರ ಬಂದರೆ ಸ್ನೇಹಿತರ ಜೊತೆ ರಸ್ತೆಯೇ ಇಲ್ಲದ ಕಡೆ ಜೀಪು ಓಡಿಸುವ ಹುಚ್ಚಿತ್ತು.

"ಇದು ಸರ್ಯಾಗಿ ಎಳುದ್ರೆ ನಮ್ ಗುಂಪಿನ್ ಎಂಟು ಜೀಪೂ ನಿಮ್ ಅಂಗ್ಡಿಗೇ ಗೋವಿಂದಣ್ಣ. ಇಲ್ದಿದ್ರೆ ಎಲ್ಲಾ ಮೈಸೂರ್ಗೆ ಓಯ್ತವೆ" ಎಂದ. ಹೇಳಿದ್ದು ಗೋವಿಂದಯ್ಯನಿಗೆ. ಸ್ಪ್ಯಾನರ್ ಹಿಡಿದು ಎದುರಿಗೆ ನಿಂತಿದ್ದವಳು ಸಂಘಮಿತ್ರಾ.

ವಿಂಚ್ ಕೂರಿಸಿ, ಕೆಂಪು ವೈರನ್ನು ಬ್ಯಾಟರಿಗೆ ಕೊಟ್ಟವಳು ಅವಳೇ. ಕಪ್ಪು ವೈರನ್ನೂ ಅದೇ ಕಡೆಗೆ ಒಯ್ಯುತ್ತಿದ್ದಾಗ ಅಪ್ಪ ತಡೆದ.

"ಅದ್ನ ಚಾಸಿಗೆ ಕೊಡವ್ವ."

"ಇದು ಎಡ್‌ಲೈಟಲ್ಲ ಕಣಪ್ಪ. ಲೋಡ್ ಬಿದ್ದಾಗ ಮುನ್ನೂರು ಆಂಪಿಯರ್ ಕರೆಂಟ್ ಎಳೀತದೆ. ನೇರ ಬ್ಯಾಟ್ರಿಗೇ ಕೊಡ್ಬೇಕು."

"ನೀನ್ ಉಟ್ಟೋಕ್ ಮುಂಚಿಂದ್ಲೂ ಚಾಸಿಗೇ ಕೊಟ್ಟಿವ್ನಿ. ಯಾವ್ ಗಾಡಿ ನಿಂತೋಗದೆ ಏಳು?"

ಯಾವ ಗಾಡಿಯೂ ನಿಂತಿರಲಿಲ್ಲ. ಗೋವಿಂದಯ್ಯ ಜೀಪಿನ ಕೆಳಗೆ ಮಲಗಿ, ಕೈಯಾಡಿಸಿ ತೂತು ಹುಡುಕಿ, ತಾನೇ ಬೋಲ್ಟ್ ಬಿಗಿದ. ಮಿಕ್ಕ ವೈರನ್ನು ಕತ್ತರಿಸಲು ಮನಸ್ಸು ಬಾರದೆ ಸುರುಳಿ ಮಾಡಿ ಬಂಪರಿನ ಹಿಂದೆ ಕಟ್ಟಿಟ್ಟ. ಅವಳು ಇನ್ನೊಂದು ಸಲ ಹೇಳಬಹುದಿತ್ತು, ಹೇಳಲಿಲ್ಲ. ಇನ್ನೊಂದು ತಿಂಗಳಿಗೆ ಕೈಬಿಡುವ ಕೆಲಸ, ಅಲ್ಲಿಯವರೆಗಾದರೂ ಅವನಿಷ್ಟದಂತೆ ಮಾಡಲಿ ಅನ್ನಿಸಿತು. ಅಂಗಡಿ ಮುಂದೆ ಬರೀ ಹಗ್ಗ ಬಿಟ್ಟು ಸುತ್ತಿಸಿ ನೋಡಿದಾಗ ವಿಂಚ್ ಗುರ್ರೆಂದು ತಿರುಗಿತು. ಖಾಲಿ ಗಾಡಿಯಾದರೆ ಮುದಿ ಎತ್ತೂ ಎಳೆಯುತ್ತದೆ.

ಶನಿವಾರ ಬೆಳಿಗ್ಗೆ ಹೆಮ್ಮಿಗೆಯಿಂದ ಸೋಮಶೇಖರ್ ಫೋನ್ ಮಾಡಿದ. ರಾಚಮ್ಮ ಎನ್ನುವವರ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತಿದೆ, ವಿಂಚ್ ಟಕ್ ಟಕ್ ಅನ್ನುತ್ತದೆಯೇ ಹೊರತು ಎಳೆಯುತ್ತಿಲ್ಲ. ಅಪ್ಪ ಮಗಳು ಸ್ಕೂಟರ್ ಹತ್ತಿ ಹೊರಟರು.

ಟ್ರ್ಯಾಕ್ಟರಿನ ದೊಡ್ಡ ಚಕ್ರ ಅರ್ಧಕ್ಕೆ ಕೆಸರಿನಲ್ಲಿ ಕೂತಿತ್ತು. ಜೀಪು ನಾಲೆಯ ಏರಿ ಮೇಲೆ, ಹಿಂದಿನಿಂದ ಒಂದು ಹೊಂಗೆ ಮರಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ರಾಚಮ್ಮ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು, "ಎತ್ತು ಊತ್ಕೊಂಡ್ರೆ ಬಾಲ ತಿರುವುದ್ರೆ ಎದ್ದೇಳ್ತಿತ್ತು. ಇದ್ಕೆ ಬಾಲ ಎಲ್ಲದೆ ಏಳ್ರಪ್ಪ?" ಎಂದು ಕೇಳುತ್ತಿದ್ದಳು. ಸೋಮಶೇಖರನಿಗೆ ನಗು ಬರಲಿಲ್ಲ. ಮಾರನೆಯ ದಿನವೇ ಅವನ ಗುಂಪಿನವರು ವಿಂಚ್ ನೋಡಲು ಬರುವವರಿದ್ದರು.

"ಸಾ, ಎಂಜಿನ್ ಓಡ್ತಾ ಇರ್ಲಿ. ನಾನ್ ಏಳ್ದಾಗ ಎರಡೇ ಸೆಕೆಂಡು ರಿಮೋಟ್ ಒತ್ತಿ" ಎಂದು ಸಂಘಮಿತ್ರಾ ವೋಲ್ಟ್ ಅಳೆಯುವ ಮಲ್ಟಿಮೀಟರ್ ತೆಗೆದಳು.

ಅವನು ಒತ್ತಿದ. ಬ್ಯಾಟರಿ ಹನ್ನೆರಡು ವೋಲ್ಟಿನಲ್ಲಿ ಗಟ್ಟಿಯಾಗಿ ನಿಂತಿತು. ಮೀಟರನ್ನು ವಿಂಚಿನ ಮೋಟರಿಗೆ ಹಿಡಿದು ಮತ್ತೆ ಒತ್ತಿಸಿದಳು. ಎಂಟೂ ಇಲ್ಲ. ನಾಲ್ಕು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಕೆಂಪು ವೈರನ್ನು ಅಳೆದಳು, ಚೊಕ್ಕವಾಗಿತ್ತು. ಇನ್ನು ಉಳಿದದ್ದು ಕಪ್ಪು ವೈರು. ಅಳೆಯುವ ಮೊದಲೇ ಅವಳಿಗೆ ಗೊತ್ತಾಯಿತು.

ಜೀಪಿನ ಕೆಳಗೆ ತೂರಿ ಬೋಲ್ಟ್ ಮುಟ್ಟಿದಳು. ಬೆರಳು ಚುರ್ರೆಂದಿತು. ಬಟ್ಟೆ ಹಿಡಿದು ಬಿಚ್ಚಿದರೆ, ವೈರಿನ ತುದಿ ಕೂತ ಜಾಗದಲ್ಲಿ ಚಾಸಿಯ ಹೊಸ ಬಣ್ಣ ಹಾಗೇ ಇತ್ತು. ತುಕ್ಕು ಹಿಡಿಯದಿರಲೆಂದು ಸೋಮಶೇಖರ್ ಹಿಂದಿನ ತಿಂಗಳಷ್ಟೇ ಬಳಿಸಿದ್ದು. ಬಣ್ಣ ಕರೆಂಟನ್ನು ತಡೆಯುತ್ತದೆ, ಅದನ್ನು ಕೆರೆಯದೆ ಅರ್ತಿಂಗ್ ಕೊಡಬಾರದು ಎಂದು ಅವಳಿಗೆ ಕಲಿಸಿದವನೇ ಅಪ್ಪ. ಟಾರ್ಚ್ ಬಿಟ್ಟಳು. ಪಕ್ಕದಲ್ಲಿ ಒಂದು ಕಡೆ ಕಬ್ಬಿಣ ಫಳಫಳ ಹೊಳೆಯುವಂತೆ ಕೆರೆದಿತ್ತು. ಮರೆತಿರಲಿಲ್ಲ ಪಾಪ, ಕೆರೆದಿದ್ದ. ತೂತಿನಿಂದ ಎರಡು ಬೆರಳು ಆಚೆಗೆ.

ಅದನ್ನು ನೋಡಿ ಅವಳಿಗೆ ಅಳು ತಡೆಯಲಾಗಲಿಲ್ಲ. ಓಡುವ ಎಂಜಿನ್ನಿನ ಕೆಳಗೆ ಅತ್ತರೆ ಒಂದು ಅನುಕೂಲ, ಯಾರಿಗೂ ಕೇಳುವುದಿಲ್ಲ. ಮುಖ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಏನು ಹೇಳಬೇಕೆಂದು ನಿಶ್ಚಯಿಸಿಬಿಟ್ಟಿದ್ದಳು.

"ನನ್ ತಪ್ಪು ಸಾ. ಬಣ್ಣ ಕೆರೀದೆ ಅರ್ತಿಂಗ್ ಬೋಲ್ಟ್ ಆಕ್ಬುಟ್ಟಿದ್ದೆ. ಈಗ್ಲೇ ಸರಿ ಮಾಡ್ತೀನಿ."

ಸೋಮಶೇಖರ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಗೋವಿಂದಯ್ಯನ ಕಡೆ ತಿರುಗಿ, ಸಾವಿನ ಮನೆಯಲ್ಲಿ ಸಮಾಧಾನ ಹೇಳುವವನ ದನಿಯಲ್ಲಿ, "ಓಗ್ಲಿ ಬುಡಿ ಗೋವಿಂದಣ್ಣ. ಎಣ್ಮಕ್ಳ ಕೈಗೆ ಕೊಟ್ರೆ ಇಂಗೇಯ. ಇನ್ಮೇಲೆ ನೀವೇ ನಿಂತು ಮಾಡಿ. ನಮ್ಮೋರೂ ನಿಮ್ ಕೈ ನಂಬ್ಕೊಂಡೇ ಬತ್ತಾರೆ" ಎಂದ.

ಸರಿ, ಎಂಟು ಜೀಪು ಉಳಿದವು, ಅಪ್ಪನ ಮರ್ಯಾದೆಯೂ ಉಳಿಯಿತು ಎಂದುಕೊಂಡು ಅವಳು ಸ್ಪ್ಯಾನರಿಗೆ ಬಗ್ಗಿದಳು.

"ಸಾ" ಎಂದ ಗೋವಿಂದಯ್ಯ. "ಆ ಬೋಲ್ಟ್ ಆಕ್ದೋನು ನಾನು. ಬ್ಯಾಟ್ರಿಗೇ ಕೊಡ್ಬೇಕು ಅಂತ ಅವ್ಳು ಏಳುದ್ಲು, ನಾನ್ ಕೇಳ್ನಿಲ್ಲ. ಬಣ್ಣ ಕೆರ್ದಿವ್ನಿ ಅನ್ಕಂಡಿದ್ದೆ. ನಂಗೆ ಕಣ್ ಕಾಣಾಕಿಲ್ಲ ಸಾ."

ನಲವತ್ತು ವರ್ಷದಲ್ಲಿ ಗಿರಾಕಿಯ ಮುಂದೆ ಅವನು ಇಂಥ ಮಾತಾಡಿದ್ದು ಅದೇ ಮೊದಲು. ರಾಚಮ್ಮ ಕೂಡ ಟ್ರ್ಯಾಕ್ಟರಿನ ಬಾಲ ಮರೆತು ಬದುವಿನಿಂದ ಇಳಿದು ಹತ್ತಿರ ಬಂದಳು. ಸೋಮಶೇಖರ್ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡಿದ.

ಗೋವಿಂದಯ್ಯ ಮಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದ. "ಯಾಕವ್ವ ಸುಳ್ಳೇಳ್ದೆ?"

"ನಿನ್ ಎಸ್ರು ಕೆಡ್ಬಾರ್ದು ಅಂತ."

"ನನ್ ಎಸ್ರು ಉಂಡು ಕೈ ತೊಳ್ಕಂಡಾಯ್ತು. ನಿಂದು ಈಗಿನ್ನೂ ಊಟಕ್ ಕೂತದೆ. ಅದರ ಎಲೆಗೆ ನೀನೇ ಮಣ್ಣಾಕ್ತೀಯಾ?"

ಸಿಟ್ಟು ಬಂದಿತ್ತು ಅವನಿಗೆ, ನಿಜವಾದ ಸಿಟ್ಟು. ಅವಳು ಸುರುಳಿ ಬಿಚ್ಚಿ, ಕಪ್ಪು ವೈರನ್ನು ಎಂಜಿನ್ನಿನ ಪಕ್ಕದಲ್ಲಿ ಹಾಯಿಸಿ, ನೇರವಾಗಿ ಬ್ಯಾಟರಿಗೆ ಬಿಗಿದಳು. ಸೋಮಶೇಖರ್ ಬಂದು ಅವಳ ಮುಂದೆ ನಿಂತ.

"ಒತ್ಲೇನಮ್ಮ?"

"ಒತ್ತಿ ಸಾ."

ಹಗ್ಗ ಬಿಗಿಯಿತು, ಹೊಂಗೆ ಮರ ಒಮ್ಮೆ ನರಳಿತು, ಟ್ರ್ಯಾಕ್ಟರ್ ಬೊಳಕ್ಕೆಂದು ಕೆಸರಿನಿಂದ ಕಿತ್ತುಕೊಂಡು ಬಂತು. ನಾಳೆ ಗುಂಪಿನವರು ಎಷ್ಟು ಗಂಟೆಗೆ ಬರಲಿ ಎಂದು ಸೋಮಶೇಖರ್ ಅವಳನ್ನೇ ಕೇಳಿದ. ಹತ್ತಕ್ಕೆ ಅಂದಳು.

ಸ್ಕೂಟರಿನ ಹತ್ತಿರ ಬಂದಾಗ ಗೋವಿಂದಯ್ಯ ಸ್ವಲ್ಪ ಹೊತ್ತು ಗದ್ದೆಯ ಕಡೆ ನೋಡುತ್ತ ನಿಂತ. ಎಷ್ಟು ಕಾಣಿಸಿತೋ ಏನೋ.

"ಈ ಎರಡ್ ವರ್ಸದಲ್ಲಿ ನಾನ್ ಬಿಗ್ದಿರೋ ಬೋಲ್ಟ್‌ಗಳ್ನೆಲ್ಲ ಒಂದ್ಸಾರಿ ನೋಡ್ಬುಡವ್ವ" ಎಂದ. "ಯಾರ್ಯಾರ್ ಗಾಡಿ ಅಂತ ನಾನ್ ಏಳ್ತೀನಿ. ನೀನ್ ಬರ್ಕೋ."