ಕಾರ್ಡ್ ತೆಗೆಯಿರಿ

ಗ್ಯಾಸ್ ಬಂಕಿನ ಕಾರ್ಡ್ ಯಂತ್ರ ಅವಳೊಬ್ಬಳ ಕೈಗೆ ಮಾತ್ರ ಬಗ್ಗುತ್ತಿತ್ತು. ಅವಳು ಕಾರ್ಡು ಹಾಕಿದರೆ ಗ್ಯಾಸು ಬಿಡುತ್ತಿತ್ತು. ಬೇರೆ ಯಾರು ಹಾಕಿದರೂ ‘ಪಾವತಿ ರದ್ದು’ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು. ಅದನ್ನು ಕೂರಿಸಿದವಳೇ ಅವಳು. ಬೆಳಗಿನಿಂದ ಬಿಚ್ಚಿ, ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಮತ್ತೆ ಮುಚ್ಚಿದ್ದಳು. ಒಳಗೆ ಏನೂ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಇಷ್ಟು ಕುತೂಹಲವೂ ಇರುತ್ತಿರಲಿಲ್ಲವೇನೋ.

ಆ ಗ್ಯಾಸ್ ಬಂಕು ಇಷ್ಟು ದಿನ ಒಂದು ಬಸ್ ಕಂಪನಿಯ ಕಾರ್ಡಿಗೆ ಮಾತ್ರ ಬಾಯಿ ತೆರೆಯುತ್ತಿತ್ತು. ಆಟೋದವರು, ವ್ಯಾನಿನವರು ಊರಾಚೆಯ ಬಂಕಿಗೆ ಹೋಗಿ ಸಾಲಿನಲ್ಲಿ ತೂಕಡಿಸಿ ಬರಬೇಕಿತ್ತು. ಯಾವ ಬ್ಯಾಂಕಿನ ಕಾರ್ಡಾದರೂ ನಡೆಯುವ ಈ ಯಂತ್ರ ಸರಿಯಾಗಿ ನಡೆದರೆ ಆ ಅಲೆದಾಟ ತಪ್ಪುತ್ತದೆ. ಅವಳ ಸೋದರಮಾವನೂ ಆಟೋ ಓಡಿಸುವವನೇ. ಅವತ್ತು ಸಾಲಿನ ಮೊದಲಿಗೆ ಬಂದು ನಿಂತಿದ್ದ.

"ನೋಡಮ್ಮ, ಸಂಜೆವರೆಗೆ ಕಾಯ್ತೀನಿ," ಎಂದ ಬಂಕಿನ ಮ್ಯಾನೇಜರು. "ಆಮೇಲೂ ಹೀಗೇ ಆದ್ರೆ ಇದನ್ನ ಕಿತ್ಕೊಂಡು ಹೋಗಿ. ಹೊರಗಿನ ಗಾಡಿಗಳ ಸಹವಾಸವೇ ಬೇಡ. ಬೈಸ್ಕೊಂಡು ಬೈಸ್ಕೊಂಡು ಕಿವಿ ತೂತು ಬಿದ್ದಿದೆ."

ಮಾವ ನಕ್ಕ. "ಏನೇ ಗುಮ್ಮನಗುಸುಕಿ, ನಿನ್ನ ಯಂತ್ರಕ್ಕೂ ನಿನ್ನ ಬುದ್ಧಿನೇ ಬಂದಿದೆಯಲ್ಲ! ಮಾತೂ ಆಡಲ್ಲ, ಗ್ಯಾಸೂ ಬಿಡಲ್ಲ."

"ಇನ್ನೊಂದು ಸಲ ಹಾಕು ಮಾವ. ಈ ಸಲ ಯಂತ್ರ ನೋಡಲ್ಲ, ನಿನ್ನ ನೋಡ್ತೀನಿ."

"ನೋಡು, ನೋಡು. ನಿಮ್ಮತ್ತೆ ನೋಡೋದು ಬಿಟ್ಟು ಯಾವ ಕಾಲವಾಯ್ತೋ."

ಮಾವ ಕಾರ್ಡು ಹಾಕಿದ. ಯಂತ್ರ ಸುಮ್ಮನಾಯಿತು. ಅದು ದೂರದ ಬ್ಯಾಂಕನ್ನು ಹುಡುಕುವ ಹೊತ್ತು, ಸದ್ದಿಲ್ಲ, ಮಿನುಗಿಲ್ಲ. ತಾನು ಕಾರ್ಡು ಹಾಕಿದಾಗ ಆ ಮೌನದಲ್ಲಿ ಅವಳ ಬೆರಳು ಯಾವಾಗಲೂ ಗುಪ್ತಸಂಖ್ಯೆಯ ಗುಂಡಿಗಳ ಮೇಲೆ ಕಾದು ಕೂತಿರುತ್ತಿತ್ತು, ಕಣ್ಣೂ ಅಲ್ಲೇ. ಮಾವನ ಕಣ್ಣು ಮಾತ್ರ ಪರದೆಯ ಮೇಲಿತ್ತು. ತುಟಿ ಮೆಲ್ಲಗೆ ಅಲುಗಿತು. ಕೈ ಮುಂದೆ ಹೋಗಿ ಕಾರ್ಡನ್ನು ಎಳೆದುಕೊಂಡಿತು.

ಪಾವತಿ ರದ್ದು.

"ಯಾಕೆ ಎಳೆದೆ?"

"ಅದೇ ಹೇಳ್ತಲ್ಲ!"

"ಏನಂತ?"

"ಕಾರ್ಡ್ ತೆಗೆಯಿರಿ ಅಂತ. ಅದು ಹೇಳಿದ ಹಾಗೆ ಕೇಳಿದ್ರೂ ತಪ್ಪಾ?"

ಅವಳು ಬಗ್ಗಿ ನೋಡಿದಳು. ನಿಜ. ಜೇಬಿನಿಂದ ಕಾರ್ಡು ಹೊರತೆಗೆದು ಸಿದ್ಧವಾಗಿರಿ ಎಂಬ ಅರ್ಥದಲ್ಲಿ ಯಾರೋ ಬರೆದಿಟ್ಟ ಮೊದಲ ಮಾತು ಅದು. ಬ್ಯಾಂಕು ಉತ್ತರ ಕೊಡುವವರೆಗೆ ಯಂತ್ರ ಮಾತು ಬದಲಿಸುವುದಿಲ್ಲ. ಜೇಬಿನಿಂದ ತೆಗೆಯುವುದೂ ತೆಗೆಯುವುದೇ, ಯಂತ್ರದಿಂದ ತೆಗೆಯುವುದೂ ತೆಗೆಯುವುದೇ. ಬಂದವರೆಲ್ಲ ವಿಧೇಯರಾಗಿ ತೆಗೆದಿದ್ದರು. ಓದದೆ ಇದ್ದವಳು ಅವಳೊಬ್ಬಳೇ.

ಅವಳಿಗೆ ನಗು ಬಂತು, ನಗಲಿಲ್ಲ. ಲ್ಯಾಪ್‌ಟಾಪು ಜೋಡಿಸಿ ಮೊದಲ ಮಾತನ್ನು ‘ಕಾರ್ಡ್ ತೂರಿಸಿ’ ಎಂದು ಬದಲಿಸಿದಳು. ಕಾರ್ಡು ಒಳಗೆ ಹೋದ ಕೂಡಲೇ ಕಾಣುವಂತೆ ಇನ್ನೊಂದು ಮಾತು ಬೇಕಿತ್ತು. ‘ಕೈ ಬಿಡಿ’ ಎಂದು ಬರೆದಳು.

ಹೆಗಲ ಹಿಂದಿನಿಂದ ಇಣುಕಿದ ಮಾವ, "ಕೈ ಬಿಡೋದಾ? ಜನ ಗ್ಯಾಸಿನ ಆಸೆನೇ ಕೈಬಿಟ್ಟು ಮನೆಗೆ ಹೋದಾರು ಕಣೇ!" ಎಂದ.

ಅಳಿಸಿದಳು. ಸುಮ್ಮನಾದ ಯಂತ್ರದ ಮುಂದೆ ನಿಂತ ಮನುಷ್ಯನಿಗೆ ಯಾರಾದರೂ ಪಕ್ಕದಲ್ಲಿದ್ದು ಏನು ಹೇಳುತ್ತಿದ್ದರು? ಕೊನೆಗೆ ‘ಕಾರ್ಡ್ ಒಳಗೇ ಇರಲಿ’ ಎಂದು ಬರೆದಳು.

ಬಿಸಿಲು ಇಳಿಯುತ್ತಿತ್ತು. ಮಾವ ತನ್ನ ಕಾರ್ಡು ಹಿಡಿದು ಮುಂದೆ ಬಂದ.

"ನೀನು ಬೇಡ ಮಾವ, ನಿನಗೆ ಗೊತ್ತಾಗಿಹೋಗಿದೆ."

ಅಷ್ಟರಲ್ಲಿ ತರಕಾರಿ ವ್ಯಾನೊಂದು ಒಳಗೆ ಬಂತು. ಹೇಳಿಕೊಡಲು ಹೊರಟ ಮ್ಯಾನೇಜರನ್ನು ಅವಳು ಕೈಸನ್ನೆಯಲ್ಲೇ ತಡೆದಳು. ವ್ಯಾನಿನವನು ಕಾರ್ಡು ತೂರಿಸಿದ. ಯಂತ್ರ ಸುಮ್ಮನಾಯಿತು. ಅವನ ಕೈ ಅರ್ಧ ಎದ್ದಿತು, ಅಲ್ಲೇ ನಿಂತಿತು, ಕಿವಿ ಕೆರೆದುಕೊಂಡು ಕೆಳಗಿಳಿಯಿತು. ಆಮೇಲೆ ಗುಪ್ತಸಂಖ್ಯೆ ಒತ್ತಿದ. ಪೈಪಿನಲ್ಲಿ ಗ್ಯಾಸು ಸುಯ್ಯೆಂದಿತು.

"ಯಾಕ್ರೀ, ಎಲ್ಲ ನನ್ನನ್ನೇ ನೋಡ್ತಿದೀರಾ?"

"ಏನಂತ ಓದಿದ್ರಿ ಅಣ್ಣ?" ಅವಳಿಗೆ ತಡೆಯಲಾಗಲಿಲ್ಲ.

"ಓದೋದೇನು? ಇರಲಿ ಅಂತು, ಇರಲಿ ಅಂತ ಬಿಟ್ಟೆ."

ಮ್ಯಾನೇಜರು ಗೇಟಿನ ಕಡೆ ತಿರುಗಿ, ರಸ್ತೆಯಲ್ಲೇ ಅನುಮಾನದಿಂದ ನಿಂತಿದ್ದ ಆಟೋಗಳಿಗೆ ಒಳಗೆ ಬನ್ನಿ ಎಂದು ಕೈಬೀಸಿದ.