ತಟ್ಟಿನ ಗಾಳಿಚೀಲ

ತಾಂಡೂರಿನಾಚೆ, ಹಾಸುಗಲ್ಲಿನ ಗಣಿಗಳ ನಡುವೆ, ವಿಮಾನ ನಡೆಸುವುದನ್ನು ಕಲಿಸುವ ಸಣ್ಣ ಶಾಲೆಯೊಂದರ ರನ್‌ವೇ ಚಾಚಿಕೊಂಡಿತ್ತು. ಅದರ ಕಾವಲುಗಾರ ಹಣಮಯ್ಯ. ಕಂಬದ ತುದಿಯ ಗಾಳಿಚೀಲ ಹರಿದಾಗ, ಹೊಸದು ಬರಲು ತಿಂಗಳಾದೀತೆಂದು ಶಾಲೆಯವರು ಕೈಚೆಲ್ಲಿದರು. ಗಾಳಿ ಎತ್ತಣಿಂದ ಬೀಸುತ್ತಿದೆಯೆಂದು ಮೇಲಿರುವವರಿಗೆ ತೋರಿಸುವುದು ಆ ಚೀಲವೊಂದೇ. ಎದುರುಗಾಳಿಗೆ ಇಳಿದ ವಿಮಾನ ಬೇಗ ನಿಲ್ಲುತ್ತದೆ; ಗಾಳಿ ಬೆನ್ನಿಗೆ ಬಿದ್ದರೆ ನೆಲವೇ ಸಾಲದು. ಇಷ್ಟನ್ನು ಬಲ್ಲ ಹಣಮಯ್ಯ ತೊಗರಿಯ ಗೋಣಿತಟ್ಟನ್ನು ಬಿಚ್ಚಿ, ಎರಡು ಪದರ ಮಾಡಿ, ನೂರು ವರ್ಷ ಬಾಳುವಂತೆ ಹೊಲಿದ. ಮೇಲೆ ಕಿತ್ತಳೆ ಬಣ್ಣ ಬಳಿದ. ಅದು ಕಂಬವೇರಿದ ದಿನ ಅವನ ಎದೆ ಹಿಗ್ಗಿತ್ತು.

ವಾರ ಕಳೆದ ಮೇಲೆ, ಬೇಲಿಯಾಚೆ ತೊಗರಿ ತೂರುತ್ತಿದ್ದ ಹೆಂಡತಿ ಲಚ್ಚಮ್ಮ ಅದನ್ನು ನೋಡಿ ನಕ್ಕಳು. "ಆನಿಗಿ ಅಂಗಿ ಹೊಲದಂಗ ಹೊಲದೀರಲ್ರಿ. ನೋಡ್ರಿ, ನನ್ನ ಹೊಟ್ಟು ಹಾರಾಕತ್ತದ, ನಿಮ್ಮ ಚೀಲ ನಿದ್ದಿ ಹೊಡಿಯಾಕತ್ತದ."

ಹಣಮಯ್ಯ ತಿರುಗಿ ನೋಡಿದ. ಮೂಡಗಾಳಿ ಹೊಟ್ಟನ್ನು ಪಡುವಣಕ್ಕೆ ಹೊತ್ತೊಯ್ಯುತ್ತಿತ್ತು. ಚೀಲ ಮಾತ್ರ ಸತ್ತ ಹಾವಿನಂತೆ ಕಂಬಕ್ಕೆ ಜೋತುಬಿದ್ದಿತ್ತು. ಅದೇ ಗಳಿಗೆಯಲ್ಲಿ ಮೂಡಣದಿಂದ ಶಾಲೆಯ ವಿದ್ಯಾರ್ಥಿನಿ ಯಾಮಿನಿಯ ವಿಮಾನ ತಗ್ಗುತ್ತ ಬಂದಿತು. ಒಬ್ಬಳೇ ಹಾರಿಸುವುದನ್ನು ಆಕೆ ಕಲಿತು ವಾರವಷ್ಟೇ ಆಗಿತ್ತು. ಹಣಮಯ್ಯ ರುಮಾಲು ಬೀಸುತ್ತ ಓಡಿದ. ನಿತ್ಯವೂ ಆಡು ಅಟ್ಟಲು ಅವನು ಬೀಸುತ್ತಿದ್ದುದು ಅದೇ ರುಮಾಲು. ಈಗಲೂ ಆಡು ಅಟ್ಟುತ್ತಿದ್ದಾನೆಂದೇ ಆಕೆ ಎಣಿಸಿದಳು. ಬೆನ್ನ ಗಾಳಿಗೆ ತೇಲಿದ ವಿಮಾನ ರನ್‌ವೇ ಅರ್ಧ ಕಳೆದರೂ ನೆಲ ಮುಟ್ಟಲಿಲ್ಲ. ಮುಟ್ಟಿದ ಮೇಲೆ ನಿಲ್ಲಲಿಲ್ಲ. ಕೊನೆಯಲ್ಲಿದ್ದ ಕಲ್ಲುರಾಶಿಗೆ ನುಗ್ಗಿ ಮುರಿಯಿತು.

ಎರಡೂ ಕಾಲು ಮುರಿದಿದ್ದ ಆ ಹುಡುಗಿ ತನ್ನನ್ನು ಹೊರತೆಗೆಯುವಾಗ ಕೇಳಿದ್ದು ಒಂದೇ ಮಾತು: "ಗಾಳಿನೇ ಇರಲಿಲ್ಲಲ್ಲ, ಕಾಕಾ?"

ಮರುದಿನ ವಿಚಾರಣೆಯ ಅಧಿಕಾರಿ ಬಂದರು. ಅದಕ್ಕೆ ಮುಂಚೆಯೇ ಶಾಲೆಯ ಗುರು ಅಮರ ಹಣಮಯ್ಯನನ್ನು ಮರೆಗೆ ಕರೆದಿದ್ದ. "ಹುಡುಗಿ ವೇಗ ತಪ್ಪಿದ್ಲು ಅಂತ ಬರಿತಾರ. ನೀ ಬಾಯಿ ಬಿಚ್ಚಬ್ಯಾಡ. ನಿನ್ನ ನೌಕರಿ ಉಳಿತದ, ನಮ್ಮ ಸಾಲಿನೂ ಉಳಿತದ."

ಹಣಮಯ್ಯ ತಲೆಯಾಡಿಸಿದ್ದ. ಅಧಿಕಾರಿ ಹುಡುಗಿಯದೇ ತಪ್ಪೆಂದು ಬರೆದುಕೊಳ್ಳತೊಡಗಿದರು. ಆದರೆ ಹಣಮಯ್ಯ ಹೊಲಿದದ್ದು ಒಂದೇ ಚೀಲವಲ್ಲ. ಕೆಲಸ ಮೆಚ್ಚಿದ ಅಮರನೇ ಅಂಥದೇ ಇನ್ನೊಂದನ್ನು ಹೊಲಿಸಿ, ಜಹೀರಾಬಾದಿನಲ್ಲಿ ವಿಮಾನ ಇಳಿಯುವ ಬಯಲಿಗೆ ಕಳಿಸಿದ್ದ. ಅದು ನೆನಪಾಗಿ ಹಣಮಯ್ಯ ಅಧಿಕಾರಿಯ ಮುಂದೆ ಬಂದ.

"ಗಾಳಿ ಇತ್ತುರಿ, ಸಾಹೇಬರ," ಎಂದ. ಅಮರ ಕೆಮ್ಮಿದರೂ ಅವನು ನಿಲ್ಲಿಸಲಿಲ್ಲ. "ನನ್ನ ಚೀಲ ಭಾರ ಆಗಿ ಏಳಲಿಲ್ಲ. ಇಂಥಾದೇ ಇನ್ನೊಂದು ಜಹೀರಾಬಾದಿಗಿ ಹೋಗ್ಯಾದರಿ."

ಅಧಿಕಾರಿಯ ಪೆನ್ನು ನಿಂತಿತು. "ಅದನ್ನ ಯಾವಾಗ ಏರಸ್ತಾರ?"

"ಇವತ್ತು ಮುಂಜಾನೇನೇ ಏರಿಸ್ಯಾರರಿ."