ಬೋನಿನ ಅಳತೆ

ನಮ್ಮ ಯಜಮಾನರು ದರ್ಜಿ. ಅನಾಥ ಪ್ರಾಣಿಗಳ ಆಶ್ರಯಧಾಮದಿಂದ ನಾನು ತಂದ ಒಂಟಿಗಣ್ಣಿನ ಬೆಕ್ಕು ಗಿರಾಕಿಯೊಬ್ಬರ ಹೊಸ ಕೋಟಿನ ತುಂಬ ಕೂದಲು ಉದುರಿಸಿತು. ಇವರಿಗೆ ಸಿಟ್ಟು ನೆತ್ತಿಗೇರಿತು. ವಾಪಸ್ ಬಿಟ್ಟೇ ಬರುತ್ತೇನೆಂದು ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೋದವರು, ಸಂಜೆ ಅದರ ಸಮೇತ ಬಂದರು.

"ಯಾಕ್ರೀ, ಬಿಡಲಿಲ್ವಾ?"

"ಅಲ್ಲಿ ಬೆಕ್ಕುಗಳೆಲ್ಲ ಬರೀ ತಗಡಿನ ಮೇಲೆ ಮಲಗ್ತಾವೆ ಕಣೇ. ಬೋನಿನ ಅಳತೆ ತಗೊಂಡು ಬಂದೆ."

ಈಗ ಚೂರುಬಟ್ಟೆಯಲ್ಲಿ ಬೆಕ್ಕುಗಳಿಗೆ ಹಾಸಿಗೆ ಹೊಲಿಯುತ್ತಾರೆ, ಭಾನುವಾರ ಧಾಮಕ್ಕೆ ಹೋಗಿ ಬೋನು ತೊಳೆಯುತ್ತಾರೆ. ಅಂಗಡಿಯಲ್ಲಿ ಧಾಮದ ದೇಣಿಗೆ ಡಬ್ಬಿಯೂ ಇದೆ. "ನನ್ನ ಬಟ್ಟೆ ಆಯ್ತಾ?" ಎಂದು ಕೇಳಿದವರೆಲ್ಲ ಅದಕ್ಕೆ ಕಾಸು ಹಾಕಬೇಕು. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಜನ್ಮವೇ ಇವರದಲ್ಲ, ಹಾಗಾಗಿ ಡಬ್ಬಿ ಬೇಗ ತುಂಬುತ್ತದೆ.

ನಿನ್ನೆ, ಮೂರು ತಿಂಗಳಿಂದ ಹೊಲಿಯದೆ ಬಿದ್ದಿರುವ ನನ್ನ ರವಿಕೆಯ ಬಗ್ಗೆ ಕೇಳಿದೆ. ತಲೆ ಎತ್ತದೆ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.